ರೈಲಿಲ್ಲದ ಊರಿನ ಕಂಬಿ

ನಮ್ಮ ಮನೆಗೆ ಮೊದಲ ಸಲ ಬರುವವರು ಚಪ್ಪಲಿ ಬಿಡುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ. "ಇದೆಂತ ಮಾರಾಯ್ರೆ, ಅಂಗಳದಲ್ಲಿ ರೈಲಿನ ಕಂಬಿ?"

ಕೇಳಲಿ ಎಂದೇ ನೇತು ಹಾಕಿದ್ದೇನೆ ಎಂಬುದು ನನ್ನ ಹೆಂಡತಿ ಜಯಂತಿಯ ಆರೋಪ. ಪೂರ್ತಿ ಸುಳ್ಳಲ್ಲ. ನೇರಳೆ ಮರದ ಕೊಂಬೆಗೆ ಹಳೇ ಸರಪಳಿ ಸುತ್ತಿ, ಅದರ ತುದಿಗೆ ತೋಳುದ್ದದ ಕಬ್ಬಿಣದ ಕಂಬಿ ತುಂಡೊಂದನ್ನು ತೂಗಿಬಿಟ್ಟಿದ್ದೇನೆ. ಹೊಡೆಯಲು ಒಂದು ದಪ್ಪ ಬೋಲ್ಟು, ಅದು ಕೊಂಬೆಯ ಕವಲಿನಲ್ಲಿ ಕೂತಿರುತ್ತದೆ. "ಬೇರೆಯವ್ರ ಅಂಗಳದಲ್ಲಿ ದಾಸವಾಳ, ಡೇರೆ. ನಮ್ಮಲ್ಲಿ ಗುಜರಿ" ಎಂದು ಜಯಂತಿ ಬಟ್ಟೆ ಒಣಗಿಸಲು ಹೋದಾಗಲೆಲ್ಲ ಹೇಳುತ್ತಾಳೆ. ಹಾಗೆ ಹೇಳುತ್ತಲೇ ನನ್ನ ಒದ್ದೆ ಟವೆಲನ್ನು ಅದೇ ಗುಜರಿಯ ಸರಪಳಿಗೆ ಸಿಕ್ಕಿಸುತ್ತಾಳೆ.

ನಿಮಗೂ ಗೊತ್ತಿರಬಹುದು, ನಮ್ಮ ಕಡೆ ರೈಲಿಲ್ಲ. ಕಳಸದಲ್ಲಿಲ್ಲ, ಮೂಡಿಗೆರೆಯಲ್ಲಿಲ್ಲ, ಆಲ್ದೂರಿನಲ್ಲೂ ಇಲ್ಲ. ಈ ಗುಡ್ಡಗಳಿಗೆ ಬಸ್ಸು ಹತ್ತುವುದೇ ಗೊಣಗಿಕೊಂಡು. ಆದರೆ ರೈಲಿನ ಕಂಬಿ ಮಾತ್ರ ತೋಟ ತೋಟದಲ್ಲೂ ಇತ್ತು. ಕಣದ ಪಕ್ಕದ ಮರಕ್ಕೆ ಒಂದು ತುಂಡು ತೂಗುಹಾಕಿದ್ದರೆ ಅದೇ ಎಸ್ಟೇಟಿನ ಗಂಟೆ. ಹೀಗಾಗಿ ಚಿಕ್ಕಂದಿನಲ್ಲಿ ನನಗಿದ್ದ ತಿಳಿವಳಿಕೆ ಏನೆಂದರೆ, ಆ ಆಕಾರದ ಕಬ್ಬಿಣವನ್ನು ದೇಶದಲ್ಲಿ ತಯಾರಿಸುವುದೇ ಹೊಡೆದು ಶಬ್ದ ಮಾಡುವುದಕ್ಕೆ. ಮೀಸೆ ಬಂದ ಮೇಲೆ ಜೀಪಿನ ಸಾಮಾನು ತರಲೆಂದು ಕಡೂರಿಗೆ ಹೋಗಿ ಸ್ಟೇಷನ್ನಿನ ಹತ್ತಿರ ನಿಂತಾಗ ನನ್ನ ಎದೆ ಝಲ್ಲೆಂದಿತು. ಕಣ್ಣು ಹರಿಯುವಷ್ಟು ದೂರ ಗಂಟೆಗಳನ್ನು ಸಾಲಾಗಿ ನೆಲಕ್ಕೆ ಮಲಗಿಸಿದ್ದಾರೆ! ಯಾವ ಧಣಿಯ ತೋಟ ಇದು, ಎಷ್ಟು ಸಾವಿರ ಆಳುಗಳನ್ನು ಕರೆಯಬೇಕು ಇವನು? ತಡೆಯಲಾರದೆ ಬಗ್ಗಿ ಕೈಯಲ್ಲಿದ್ದ ಸ್ಪ್ಯಾನರಿನಿಂದ ಒಂದು ಬಾರಿಸಿದೆ. ನೆಲಕ್ಕೆ ಅಂಟಿದ ಕಬ್ಬಿಣ ಸ್ವರ ಕೊಡುವುದಿಲ್ಲವೆಂದು ಆವತ್ತು ಗೊತ್ತಾಯಿತು. ರೈಲ್ವೆಯ ಮನುಷ್ಯನೊಬ್ಬ ಓಡಿಬಂದು ಕೊಟ್ಟ ಸ್ವರ ಇನ್ನೂ ಕಿವಿಯಲ್ಲಿದೆ.

ಗಂಟೆಯೆಂದರೆ ಸುಮ್ಮನೆ ಹೊಡೆಯುವುದಲ್ಲ, ಅದಕ್ಕೆ ಮೂರು ಬಗೆಯುಂಟು. ಬೆಳಗಿನದು ನಿಧಾನದ್ದು, ಒಂದು ಏಟಿನ ಸ್ವರ ಪೂರ್ತಿ ಕರಗಿದ ಮೇಲೆ ಇನ್ನೊಂದು. ಆಳುಗಳು ಸೇರಲಿ, ಹೆಸರು ಕರೆಯಲಿ ಎಂದು. ಮಧ್ಯಾಹ್ನದ್ದು ಜೋಡಿ ಏಟು, ಎರಡೆರಡಾಗಿ. ಅದಕ್ಕೆ ಯಾರೂ ಕೆಳಗಿಳಿಯುವುದಿಲ್ಲ. ಇದ್ದಲ್ಲೇ ಕಾಫಿ ಗಿಡದ ಬುಡದಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ. ಸಂಜೆಯದು ತೂಕದ ಗಂಟೆ. ಮೊದಲು ಎರಡು ಗಂಭೀರ ಏಟು, ಆಮೇಲೆ ಉಸಿರು ತೆಗೆಯದ ಹಾಗೆ ಪಟಪಟ. ಅದು ಕೇಳಿದರೆ ಗುಡ್ಡದ ಮೇಲಿದ್ದವರೆಲ್ಲ ಹಣ್ಣಿನ ಚೀಲ ತಲೆಗೇರಿಸಿಕೊಂಡು ಕಣಕ್ಕೆ ಇಳಿಯಲೇಬೇಕು. ತಡವಾದರೆ ತಕ್ಕಡಿ ಕಾಯುವುದಿಲ್ಲ. ಆಕಾಶದಲ್ಲಿ ಸೂರ್ಯ ಎಲ್ಲಿದ್ದಾನೆಂದು ನೋಡುವ ಅಭ್ಯಾಸ ನಮಗಿಲ್ಲ. ಮೋಡದಲ್ಲಿ, ಮರದ ನೆರಳಿನಲ್ಲಿ ಅವನು ಕಾಣುವುದಾದರೂ ಎಷ್ಟು! ನಮ್ಮ ಕಾಲು, ನಮ್ಮ ಹೊಟ್ಟೆ, ಎಲ್ಲವೂ ನಂಬಿರುವುದು ಕಂಬಿಯನ್ನು.

ಇಷ್ಟು ಹೇಗೆ ಗೊತ್ತೆಂದರೆ, ನಾನು ಹುಟ್ಟಿದ್ದೇ ಸಂಸೆಯ ಮೇಲಿನ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ. ಕಣದ ಬೇಲಿಗೆ ತಾಗಿಯೇ ಇದ್ದ ಶಾಲೆಯಲ್ಲಿ ಆರನೇ ಕ್ಲಾಸು ಅರ್ಧದವರೆಗೆ ಓದಿದೆ. ನೆರಳಿನ ಮರದ ಕೊಂಬೆ ಸವರುವಾಗ ಅಪ್ಪ ಬಿದ್ದು ಸೊಂಟ ಹೋದ ಮೇಲೆ ಪುಸ್ತಕ ಬಿಟ್ಟು ಬುಟ್ಟಿ ಹಿಡಿದೆ. ಅಯ್ಯೋ ಪಾಪ ಅನ್ನಬೇಡಿ, ನನಗೆ ಅದು ಸೇರುವುದಿಲ್ಲ. ಡ್ರೈವಿಂಗ್ ಕಲಿತೆ, ಯಾರೋ ಬಿಸಾಕಿದ ಜೀಪೊಂದನ್ನು ನಟ್ಟು ನಟ್ಟಾಗಿ ಬಿಚ್ಚಿ ಕಟ್ಟಿದೆ, ಕಳಸದಿಂದ ಸಂಸೆಗೆ ಜನ ಹೇರಿ ಮನೆ ಕಟ್ಟಿದೆ. ಸ್ಟ್ಯಾಂಡಿನಲ್ಲಿ ಜೀಪು ತುಂಬುವವರೆಗೆ ಪೇಪರು, ವಾರಪತ್ರಿಕೆ, ಕಡಲೆಕಾಯಿ ಕಟ್ಟಿದ ಹಾಳೆ, ಸಿಕ್ಕಿದ್ದನ್ನೆಲ್ಲ ಓದಿದೆ. ನನ್ನ ವಿಶ್ವವಿದ್ಯಾಲಯಕ್ಕೆ ನಾಲ್ಕು ಚಕ್ರ ಎಂದು ಹೇಳಿಕೊಂಡು ತಿರುಗುವವನು ನಾನು. ಹೀಗಾಗಿ ನಿಜವಾದ ವಿಶ್ವವಿದ್ಯಾಲಯದವರು ಯಾರಾದರೂ ಮುಂದಿನ ಸೀಟಿಗೆ ಹತ್ತಿದರೆ ನನ್ನ ಕತ್ತು ಸ್ವಲ್ಪ ನೆಟ್ಟಗಾಗುತ್ತದೆ.

ಸಹನಾ ಹತ್ತಿದ್ದು ಅದೇ ಸೀಟಿಗೆ, ಒಂದು ಜೂನ್ ತಿಂಗಳ ಶನಿವಾರ ಬೆಳಿಗ್ಗೆ.

ಕಳಸದ ಮೇಷ್ಟರೊಬ್ಬರ ಮಗಳು. ಘಟ್ಟದ ಕೆಳಗಿನ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದಳು, ಶುಕ್ರವಾರ ಸಂಜೆ ಬಸ್ಸಿಗೆ ಊರಿಗೆ ಬರುತ್ತಿದ್ದಳು. ಹೆಗಲಲ್ಲಿ ಒಂದು ದೊಡ್ಡ ಚೀಲ. ಅದರಿಂದ ಹಗ್ಗದ ತುದಿ, ಬಣ್ಣದ ಕಾಗದ, ಒಂದು ತೆಂಗಿನ ಚಿಪ್ಪು ಹೊರಗೆ ಇಣುಕುತ್ತಿದ್ದವು. ನಾನು ಓದಿ ಬಿಟ್ಟ ಶಾಲೆಯ ಹೆಸರನ್ನೇ ಹೇಳಿ ಅಲ್ಲಿ ಇಳಿಸಿ ಅಂದಳು.

"ಹೊಸ ಟೀಚರಾ?" ಎಂದೆ.

"ಟೀಚರ್ ಅಲ್ಲ ಅಣ್ಣ, ಮೆಂಟರ್. ನಮ್ಮ ಯೂನಿವರ್ಸಿಟಿಯಿಂದ ಇಷ್ಟ ಇದ್ದೋರು ವಾರಕ್ಕೊಂದಿನ ಒಂದು ಶಾಲೆಗೆ ಹೋಗ್ಬಹುದು. ಒಂದು ವರ್ಷ."

"ಸಂಬಳ?"

"ಇಲ್ಲ."

"ಹಂಗಾದ್ರೆ ಎಂತ ಕಲಿಸೂದು?"

"ಕಲಿಸೂದಿಲ್ಲ. ಜೊತೆಗಿರೂದು."

ಎರಡು ತಿರುವು ದಾಟುವವರೆಗೆ ಇದನ್ನು ಯೋಚಿಸಿದೆ. ಸಂಬಳವಿಲ್ಲ, ಕಲಿಸುವುದಿಲ್ಲ, ಜೊತೆಗಿರುವುದು. ಎಂ.ಎ. ತನಕ ಓದಿದರೆ ಹೀಗೆಲ್ಲ ಆಗುತ್ತದೆ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡೆ. ಮೂರನೇ ತಿರುವಿನಲ್ಲಿ ಆಕೆ ಜೀಪು ನಿಲ್ಲಿಸಿ ಎಂದು ಕೈಮಾಡಿ, ಇಳಿದು ಚರಂಡಿಗೆ ವಾಂತಿ ಮಾಡಿದಳು. ಬಾಯಿ ಒರೆಸಿಕೊಂಡು ಮತ್ತೆ ಹತ್ತಿ, "ಹೋಗೋಣ ಅಣ್ಣ. ನಿಮ್ಮದು ಓದು ಎಲ್ಲೀವರೆಗೆ?" ಎಂದಳು, ಮಧ್ಯೆ ಏನೂ ನಡೆದೇ ಇಲ್ಲವೆಂಬ ಹಾಗೆ.

"ಬೇಕಾದಷ್ಟು" ಎಂದೆ.

ಸಂಸೆಗೆ ಹೋದ ಜೀಪು ವಾಪಸು ತುಂಬುವುದಕ್ಕೆ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ನಾನು ಶಾಲೆಯ ಕಟ್ಟೆಯ ಮೇಲೆ ಪೇಪರು ಹಿಡಿದು ಕೂರತೊಡಗಿದೆ. ಪೇಪರು ನೆಪ, ಈ ಜೊತೆಗಿರುವ ಉದ್ಯೋಗವನ್ನು ಕಣ್ಣಾರೆ ನೋಡಬೇಕಿತ್ತು. ಏಳನೇ ಕ್ಲಾಸಿನ ಬೆರಳೆಣಿಕೆಯ ಮಕ್ಕಳು, ಎಲ್ಲರೂ ಲೈನ್ ಮನೆಯವರು. ಆಕೆ ಅವರ ಜೊತೆ ನೆಲದ ಮೇಲೆ ಕೂತು ಕೇಳುವುದೇ ಜಾಸ್ತಿ. ನಿಮ್ಮಜ್ಜ ಎಲ್ಲಿಂದ ಬಂದ್ರು? ಈ ಬಾವಿ ತೋಡಿದ್ದು ಯಾರು? ಮಕ್ಕಳು ಮೊದಮೊದಲು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬರ ಬಾಯಿಗೆ ಒಬ್ಬರು ಕೈಹಾಕಿ ಮಾತಾಡತೊಡಗಿದರು. ಬಾಯಿ ಬಿಡದವಳು ಒಬ್ಬಳೇ.

ಹೆಸರು ರಕ್ಷಿತಾ. ಕಡ್ಡಿಯಂಥ ಹುಡುಗಿ, ಬಿಗಿಯಾಗಿ ಹೆಣೆದ ಎರಡು ಜಡೆ. ಒಂದನೇ ಕ್ಲಾಸಿಗೆ ಸೇರಿದಾಗಿನಿಂದ ಆ ಶಾಲೆಯ ಗೋಡೆಗಳೊಳಗೆ ಆಕೆ ಒಂದೇ ಒಂದು ಮಾತಾಡಿಲ್ಲವಂತೆ. ಹಾಜರಿಗೆ ಕೈ ಎತ್ತುವುದು, ಲೆಕ್ಕ ಸರಿ ಮಾಡುವುದು, ಮಾತು ಮಾತ್ರ ಇಲ್ಲ. ಮೂಗಿಯೂ ಅಲ್ಲ. ಅಪ್ಪ ಅಮ್ಮ ಮೂಡಿಗೆರೆ ಕಡೆಯ ತೋಟದಲ್ಲಿ ದುಡಿಯುತ್ತಾರೆ. ಇವಳಿರುವುದು ಅಜ್ಜಿ ಗಿರಿಜಮ್ಮನ ಜೊತೆ. ಮನೆಯಲ್ಲಿ ಕೋಳಿಗಳಿಗೆ ಬೈಯುವುದನ್ನು ಕೇಳಬೇಕು ಎಂದು ಮಕ್ಕಳೇ ಹೇಳಿದರು. ಹೊರಗಿನವರೊಬ್ಬರು ಎದುರಿಗೆ ನಿಂತರೆ ಸಾಕು, ಗಂಟಲು ಬಾಗಿಲು ಹಾಕಿಕೊಳ್ಳುತ್ತಿತ್ತು.

"ಒಂದು ಸಲ ಗದರಿಸಿ ನೋಡಿ" ಎಂದು ವಾಪಸು ಬರುವಾಗ ಸಲಹೆ ಕೊಟ್ಟೆ. "ನಮ್ಮ ಕಾಲದ ಮೇಷ್ಟ್ರು ಕಲ್ಲನ್ನೂ ಮಾತಾಡಿಸ್ತಿದ್ರು."

"ಕಲ್ಲು ಎಂತ ಹೇಳ್ತಿತ್ತು ಅಣ್ಣ?"

ನೆನಪು ಮಾಡಿಕೊಂಡೆ. ಕಲ್ಲುಗಳು ನಾವೇ. "ಅಯ್ಯಯ್ಯೋ ಅಂತಿದ್ವಿ" ಎಂದೆ. ಆಕೆ ನಗಲಿಲ್ಲ, ತಲೆಯಾಡಿಸಿದಳು ಅಷ್ಟೆ. ನನಗೇ ನಗು ಬಂತು.

ಮಳೆಗಾಲ ಮುಗಿಯುವ ಹೊತ್ತಿಗೆ ವಿಷಯ ಬಿಗಡಾಯಿಸಿತು. ಏಳನೇ ಕ್ಲಾಸು ಮುಗಿದರೆ ಮುಂದೆ ಕಳಸದ ಹೈಸ್ಕೂಲು, ಅಲ್ಲೇ ಹಾಸ್ಟೆಲ್ಲು. ಉಳಿದ ಮಕ್ಕಳ ಮನೆಯವರು ಒಪ್ಪಿದ್ದರು. ಗಿರಿಜಮ್ಮ ಮಾತ್ರ ಇಲ್ಲ ಅಂದಳು. ಸಹನಾ ಲೈನಿಗೆ ಹೋಗಿ ಮಾತಾಡಿದಾಗ ನಾನೂ ಹಿಂದೆ ನಿಂತಿದ್ದೆ. ಹುಡುಗಿಯನ್ನು ಹಣ್ಣು ಬಿಡಿಸಲು ಕಳಿಸುವ ಆಸೆಯೋ ಏನೋ ಅಂದುಕೊಂಡಿದ್ದೆ. ಮುದುಕಿಯ ಮನಸ್ಸಿನಲ್ಲಿದ್ದದ್ದು ಬೇರೆ.

"ಓದಬಾರ್ದು ಅಂತ ನಾನೆಲ್ಲಿ ಹೇಳಿದೆ ಅಮ್ಮ?" ಗಿರಿಜಮ್ಮ ಒಲೆಯ ಮುಂದಿನಿಂದ ಏಳದೆ ಹೇಳಿದಳು. "ಅಲ್ಲಿ ಹಸಿವಾದ್ರೆ ಹಸಿವು ಅನ್ನೋ ಬಾಯಿ ಬೇಕಲ್ಲ. ಜ್ವರ ಬಂದ್ರೆ ಜ್ವರ ಅನ್ಬೇಕಲ್ಲ. ಯಾರಾದ್ರೂ ಕೈ ಹಿಡಿದೆಳೆದ್ರೆ ಕೂಗ್ಬೇಕಲ್ಲ. ಇವ್ಳು ಸುಮ್ನೆ ನಿಂತಿರ್ತಾಳೆ. ಇಲ್ಲಾದ್ರೆ ಮುಖ ನೋಡಿದ್ರೆ ನಂಗೆ ಗೊತ್ತಾಗ್ತದೆ. ಅಲ್ಲಿ ಇವ್ಳ ಮುಖ ನೋಡೋರ್ಯಾರು?"

ಬಾಗಿಲ ಸಂದಿನಲ್ಲಿ ರಕ್ಷಿತಾ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

"ನಾಲ್ಕು ಜನರ ಮುಂದೆ ಇವ್ಳು ಒಂದು ಮಾತಾಡಿದ್ರೆ?" ಎಂದಳು ಸಹನಾ.

"ನನ್ನ ಕಿವೀಲಿ ಕೇಳಿದ್ರೆ ಆವತ್ತೇ ಪೆಟ್ಟಿಗೆ ಕಟ್ತೇನೆ" ಎಂದಳು ಗಿರಿಜಮ್ಮ. ಅದು ಪಂಥದ ಮಾತಾಗಿರಲಿಲ್ಲ, ಆಸೆಯ ಮಾತಾಗಿತ್ತು.

ಇಷ್ಟಾದ ಮೇಲೆ ಯಾರಾದರೂ ಏನು ಮಾಡುತ್ತಾರೆ? ಹುಡುಗಿಯನ್ನು ಹಿಡಿದು ಕೂರಿಸಿ ಮಾತಾಡು ಮಾತಾಡು ಎಂದು ಪೀಡಿಸುತ್ತಾರೆ. ನಾನಾದರೆ ಮಿಠಾಯಿ, ಬಳೆ, ಭೂತ, ಎಲ್ಲ ತೋರಿಸುತ್ತಿದ್ದೆ. ಸಹನಾ ಅದೊಂದನ್ನೂ ಮಾಡಲಿಲ್ಲ. ಶನಿವಾರ ಬಂದು ರಕ್ಷಿತಾಳ ಪಕ್ಕದಲ್ಲಿ ಕೂರುವಳು. ಅವಳು ಕಲ್ಲು ಜೋಡಿಸಿದರೆ ಇವಳೂ ಕಲ್ಲು ಜೋಡಿಸುವಳು. ಅವಳು ಕಿಟಕಿಯಾಚೆ ನೋಡಿದರೆ ಇವಳೂ ನೋಡುವಳು. ಒಮ್ಮೊಮ್ಮೆ ಇಬ್ಬರೂ ಅಷ್ಟು ಹೊತ್ತು ಸುಮ್ಮನಿರುತ್ತಿದ್ದರೆಂದರೆ ಕಟ್ಟೆಯ ಮೇಲಿದ್ದ ನನಗೆ ಪೇಪರಿನ ಹಾಳೆ ಮಗುಚಲೂ ಸಂಕೋಚವಾಗುತ್ತಿತ್ತು. ಜೊತೆಗಿರುವುದೆಂದರೆ ಇಷ್ಟು ಬೆವರಿಳಿಸುವ ಕೆಲಸವೆಂದು ನನಗೆ ಗೊತ್ತಿರಲಿಲ್ಲ.

ಕಾಫಿ ಕೆಂಪಾಗುವ ದಿನಗಳಲ್ಲಿ ಸಹನಾಳ ಕಣ್ಣು ಕಣದ ಪಕ್ಕದ ಕಂಬಿಯ ಮೇಲೆ ಬಿತ್ತು. ಶಾಲೆಗೂ ಕಣಕ್ಕೂ ನಡುವೆ ಒಂದು ಮುರುಕು ಬೇಲಿ, ಅದರಾಚೆ ಹಲಸಿನ ಮರ, ಮರದಲ್ಲಿ ಕಂಬಿ. ಇದು ಎಲ್ಲಿಂದ ಬಂತು ಎಂದು ಮಕ್ಕಳನ್ನು ಕೇಳಿದಳು. ಮನೆಯಲ್ಲಿ ವಿಚಾರಿಸಿಕೊಂಡು ಬನ್ನಿ ಅಂದಳು. ಮುಂದಿನ ವಾರ ಬಂದ ಕಥೆಗಳನ್ನು ಕೇಳಬೇಕಿತ್ತು ನೀವು. ಬಿಳಿಯರ ಕಾಲದಲ್ಲಿ ಎತ್ತಿನ ಗಾಡಿಯಲ್ಲಿ ಬಂತು ಎಂದು ಒಬ್ಬ. ಆನೆ ಎಳೆದು ತಂತು ಎಂದು ಇನ್ನೊಬ್ಬ. ಭದ್ರಾ ಹೊಳೆಯ ನೆರೆಯಲ್ಲಿ ತೇಲಿ ಬಂತು ಎಂದು ಮತ್ತೊಬ್ಬಳು. "ಕಬ್ಬಿಣ ತೇಲ್ತದನೇ?" ಎಂದು ಉಳಿದವರು ಅವಳ ಮೇಲೆ ಬಿದ್ದರು. "ನಮ್ಮಜ್ಜ ನೋಡಿದ್ದಾರೆ" ಎಂದು ಅವಳು ಬಿಡಲಿಲ್ಲ. ನಾನೂ ತಡೆಯಲಾರದೆ ಕಟ್ಟೆಯಿಂದಲೇ ಕಡೂರಿನ ಕಥೆ ಹೇಳಿದೆ. ಮಕ್ಕಳು ನಂಬಲೇ ಇಲ್ಲ. ಅಷ್ಟೊಂದು ಕಂಬಿಯನ್ನು ನೆಲದ ಮೇಲೆ ಯಾರು ಬಿಟ್ಟಾರು, ಗುಜರಿಯವರು ಒಯ್ಯುವುದಿಲ್ಲವೇ ಎಂದರು.

"ಈ ಗಂಟೆ ಹೊಡೆಯೂದು ಎಷ್ಟು ಥರ?" ಎಂದು ಸಹನಾ ಕೇಳಿದಳು. ಎಲ್ಲರೂ ಒಟ್ಟಿಗೆ ಕಿರುಚತೊಡಗಿದರು. ಆ ಗಲಾಟೆಯ ಅಡಿಯಲ್ಲಿ, ಮೂಲೆಯಿಂದ, ಬೆರಳ ಗೆಣ್ಣುಗಳಿಂದ ನೆಲ ಕುಟ್ಟುವ ಸದ್ದು ಬಂತು. ನಿಧಾನದ ಏಟು. ನಿಂತಿತು. ಜೋಡಿ ಏಟು. ನಿಂತಿತು. ಎರಡು ಗಂಭೀರ, ಆಮೇಲೆ ಪಟಪಟ. ಮಕ್ಕಳು ಬಾಯಿ ಮುಚ್ಚಿ ತಿರುಗಿದರು. ರಕ್ಷಿತಾ ಕೈಯನ್ನು ಲಂಗದಡಿ ಅಡಗಿಸಿಕೊಂಡಳು.

ಆವತ್ತು ಜೀಪಿನಲ್ಲಿ ಸಹನಾ ಕೂತಲ್ಲಿ ಕೂರಲಿಲ್ಲ. "ಮಾತಾಡಿದ್ಳು ಅಣ್ಣ! ಕೇಳ್ದಿರಾ? ಮಾತಾಡಿದ್ಳು!"

"ಎಂತ ಹೇಳಿದ್ಳು?"

"ಟಣ್ ಟಣ್!"

ಈ ಹುಡುಗಿಗೆ ತಿರುವುಗಳಲ್ಲಿ ತಲೆಗೇ ಏನೋ ಆಗಿದೆ ಎಂದುಕೊಂಡೆ. ಆದರೆ ಆ ದಿನ ಆಕೆಗೆ ವಾಂತಿ ಬರಲಿಲ್ಲ ಎಂಬುದನ್ನೂ ಗಮನಿಸಿದೆ.

ಆ ಕಥೆಗಳೆಲ್ಲ ಸೇರಿ ಒಂದು ನಾಟಕವಾಯಿತು. ಬರೆದವರು ಯಾರೂ ಇಲ್ಲ. ಮಕ್ಕಳು ಆಡಿದ್ದೇ ಮಾತು. ಆನೆ ಕಂಬಿ ಎಳೆದು ತರುತ್ತದೆ, ಮರಕ್ಕೆ ಕಟ್ಟುತ್ತಾರೆ, ತೋಟ ಎದ್ದು ನಿಲ್ಲುತ್ತದೆ, ಕೊನೆಗೆ ಗಂಟೆ ಬಾರಿಸಿ ತೂಕ. ಪ್ರಜ್ವಲ್ ಎಂಬ ದುಂಡು ಹುಡುಗ ಆಳುಗಳ ಮೇಲ್ವಿಚಾರಣೆಯ ಮೇಸ್ತ್ರಿ. ನನಗೂ ಪಾತ್ರ ಸಿಕ್ಕಿತು. ಧಣಿ. "ನಿಮ್ಮ ಹತ್ರ ಜೀಪು ಉಂಟಲ್ಲ" ಎಂದರು ಮಕ್ಕಳು, ನನ್ನ ಅರ್ಹತೆ ಅಷ್ಟೇ. ಮಾತಿಲ್ಲ, ಜೀಪಿನಲ್ಲಿ ಕೂತು ಹಾರನ್ ಹೊಡೆದು ಕತ್ತು ಸೆಟೆಸಿಕೊಂಡು ನೋಡಬೇಕು. ತಾಲೀಮಿನ ಅಗತ್ಯವೇ ಬೀಳಲಿಲ್ಲ. ಇನ್ನೊಬ್ಬಳಿಗೂ ಮಾತಿಲ್ಲದ ಪಾತ್ರ. ಗಂಟೆ ಹೊಡೆಯುವವಳು ರಕ್ಷಿತಾ. ಕಂಬಿಯ ಬದಲಿಗೆ ಬಿಸಿಯೂಟದ ಒಂದು ಸ್ಟೀಲ್ ತಟ್ಟೆ, ಒಂದು ಸೌಟು.

ಜನವರಿಯ ಒಂದು ಶನಿವಾರ ಆಟ ಎಂದು ನಿಶ್ಚಯವಾಯಿತು. ಶನಿವಾರ ಶಾಲೆ ಬೆಳಿಗ್ಗೆ ಮಾತ್ರ. ತೋಟಕ್ಕೆ ಪೂರ್ತಿ ದಿನ. ಕೊಯ್ಲಿನ ಬಿರುಸು. ಸಹನಾ ಲೈನ್ ಮನೆಗಳಿಗೆಲ್ಲ ಹೋಗಿ ಕರೆದಳು. ಗಿರಿಜಮ್ಮ ಆಕೆಯ ಕೈ ಹಿಡಿದುಕೊಂಡು, "ಗಂಟೆ ಹೊಡೀದೆ ತೋಟದಿಂದ ಇಳಿಯೂದಾ? ಮೇಸ್ತ್ರಿ ಸುಮ್ನೆ ಬಿಡ್ತಾರಾ? ಹಣ್ಣು ಉದುರ್ತಾ ಉಂಟು ಅಮ್ಮ. ಗಂಟೆ ಹೊಡೆದ್ರೆ ಮಾತ್ರ ನಾವು ಇಳಿಯೂದು" ಎಂದಳು. ರಕ್ಷಿತಾ ಆಗಲೂ ಬಾಗಿಲ ಸಂದಿನಲ್ಲೇ ಇದ್ದಳು. ಉಳಿದವರದ್ದೂ ಅದೇ ಮಾತು.

ಆ ವಾರ ಜೀಪಿನಲ್ಲಿ ಸಹನಾ ಚೀಲದ ಹಗ್ಗದ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ತೂಗುಸೇತುವೆಯ ಹತ್ತಿರ ಬಂದಾಗ, "ನನ್ನ ಫ್ರೆಂಡ್ಸೆಲ್ಲ ಅವರ ಶಾಲೆಯಲ್ಲಿ ಲೈಬ್ರರಿ ಮಾಡಿದ್ರು, ಇಂಗ್ಲಿಷ್ ಕಲಿಸಿದ್ರು. ನಾನು ಏನೂ ಮಾಡ್ಲಿಲ್ಲ ಅಣ್ಣ. ಅವ್ಳು ಶಾಲೆ ಬಿಡ್ತಾಳೆ, ನಾನು ನೋಡ್ತಾ ಜೊತೇಲಿ ಇದ್ದೆ, ಅಷ್ಟೆ" ಎಂದಳು. ಮುಖ ಹೊರಗೆ ತಿರುಗಿಸಿದ್ದಳು. ಏನಾದರೂ ಹೇಳಬೇಕಿತ್ತು. "ಹಾರನ್ ಎರಡು ಸಲ ಹೊಡೀಲಾ, ಮೂರು ಸಲಾನಾ?" ಎಂದು ಕೇಳಿದೆ. ನನ್ನಿಂದಾದದ್ದು ಅಷ್ಟೇ.

ಆಟದ ದಿನ ಪ್ರೇಕ್ಷಕರೆಂದರೆ ಚಿಕ್ಕ ಕ್ಲಾಸಿನ ಮಕ್ಕಳು, ಅಡುಗೆಯವರು, ಒಂದು ನಾಯಿ. ಗುಡ್ಡದ ಮೇಲಿಂದ ಕೊಯ್ಲಿನವರ ಮಾತು, ನಗು ಆಗೊಮ್ಮೆ ಈಗೊಮ್ಮೆ ಗಾಳಿಯಲ್ಲಿ ಬರುತ್ತಿತ್ತು. ಮಂಜು ಆಗಷ್ಟೇ ಬಿಟ್ಟು ಬಿಸಿಲು ಕಣದ ಮೇಲೆ ಬಿದ್ದಿತ್ತು. ಆನೆ ಬಂತು, ಕಂಬಿ ಬಂತು. ನಾನು ಹಾರನ್ ಹೊಡೆದು ಕತ್ತು ಸೆಟೆಸಿದೆ. ಚಿಕ್ಕ ಮಕ್ಕಳು ಚಪ್ಪಾಳೆ ತಟ್ಟಿದರು. ಪ್ರಜ್ವಲ್ ಮೇಸ್ತ್ರಿ ಸೊಂಟಕ್ಕೆ ಕೈಯಿಟ್ಟು, "ಏನ್ ಮಾರಾಯ್ತಿ, ಚೀಲದಲ್ಲಿ ಹಣ್ಣು ಎಷ್ಟು, ಎಲೆ ಎಷ್ಟು? ತೋಟಾನೇ ಕಿತ್ತು ತಂದ್ಯಾ?" ಎಂದು ಅಬ್ಬರಿಸಿದ. ಆಮೇಲೆ, "ಹೊಡಿ ಗಂಟೆ!" ಎಂದ.

ರಕ್ಷಿತಾ ತಟ್ಟೆ ಹಿಡಿದು ನಿಂತಿದ್ದಳು. ಸೌಟು ಎತ್ತಿದಳು. ಇಳಿಸಿದಳು.

ಮತ್ತೆ ಪ್ರಜ್ವಲ್, "ಹೊಡಿಯೇ ಗಂಟೆ!"

ಆಕೆ ತಟ್ಟೆಯನ್ನೂ ಸೌಟನ್ನೂ ನೆಲದ ಮೇಲೆ ಸದ್ದಾಗದಂತೆ ಇಟ್ಟಳು. ನನ್ನ ಜೀಪಿನ ಮುಂದಿನಿಂದಲೇ ಹಾದು, ಬೇಲಿಯ ಸಂದಿನಲ್ಲಿ ನುಸುಳಿ, ಹಲಸಿನ ಮರದ ಹತ್ತಿರ ಹೋದಳು. ತುದಿಗಾಲಲ್ಲಿ ನಿಂತು ಕವಲಿನಿಂದ ಬೋಲ್ಟು ತೆಗೆದಳು. ಸಹನಾ "ರಕ್ಷೀ" ಎಂದು ಅರ್ಧ ಎದ್ದಳು. ಅಷ್ಟರಲ್ಲಿ ಹೊಡೆದಾಗಿತ್ತು. ಎರಡು ಏಟು, ಗಂಭೀರ. ಆಮೇಲೆ ಪಟಪಟಪಟ.

ನನ್ನ ಅವಸ್ಥೆ ಹೇಳುತ್ತೇನೆ, ನಗಬೇಡಿ. ಎಸ್ಟೇಟು ಬಿಟ್ಟು ಅರ್ಧ ಆಯುಷ್ಯವಾಗಿದೆ, ಧಣಿಯ ಪಾತ್ರದಲ್ಲಿದ್ದೇನೆ, ಹುಡುಗಿ ಹೊಡೆಯುವುದನ್ನು ಕಣ್ಣಾರೆ ನೋಡುತ್ತಿದ್ದೇನೆ. ಆದರೂ ಆ ಸ್ವರ ಬಿದ್ದದ್ದೇ ನಾನು ಜೀಪಿನಿಂದ ಧುಮುಕಿ ಹೆಗಲಿನ ಟವೆಲನ್ನು ತಲೆಗೆ ಸಿಂಬಿ ಸುತ್ತಿಕೊಳ್ಳುತ್ತಿದ್ದೆ.

ನನ್ನಂಥವನೇ ಹೀಗಾದರೆ ಗುಡ್ಡದ ಮೇಲಿದ್ದವರ ಕಥೆ ಏನು! ಮಾತು ನಿಂತಿತು. ಕೊಂಬೆಗಳು ಅಲುಗಾಡಿದವು. ಕಾಫಿ ಸಾಲುಗಳ ಸಂದಿಯಿಂದ ಒಬ್ಬೊಬ್ಬರಾಗಿ, ಆಮೇಲೆ ಗುಂಪು ಗುಂಪಾಗಿ ಚೀಲ ಹೊತ್ತು ಇಳಿಯತೊಡಗಿದರು. ಬೆಳಗಿನ ಇಬ್ಬನಿ ಇನ್ನೂ ಸೀರೆಯ ಅಂಚಿನಲ್ಲಿದೆ, ಚೀಲದಲ್ಲಿ ಹಣ್ಣು ತಳ ಮುಚ್ಚಿಲ್ಲ, ಬುತ್ತಿ ಬಿಚ್ಚಿಯೇ ಇಲ್ಲ. ಆದರೂ ಒಬ್ಬರೂ ತಲೆಯೆತ್ತಿ ಬಿಸಿಲು ನೋಡಲಿಲ್ಲ. "ಇವತ್ತು ಹೊತ್ತು ಬೇಗ ಹೋಯ್ತಲ್ಲೇ" ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುವುದು ಕೇಳಿಸಿತು. "ಚಳಿಗಾಲ ಅಲ್ವನೇ, ಹಗಲು ಸಣ್ಣ" ಎಂದು ಅವಳ ಉತ್ತರ. ಕಣದಲ್ಲಿ ಸಾಲಾಗಿ ಚೀಲ ಇಳಿಸಿ ನಿಂತರು. ತಕ್ಕಡಿ ಇಲ್ಲ. ಆಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ತೋಟದ ನಿಜವಾದ ಮೇಸ್ತ್ರಿ ಮಂಜಪ್ಪ ಕೊನೆಗೆ ಬಂದರು, ಓಡಿಕೊಂಡು. ಆ ಕಂಬಿಯನ್ನು ಬೇರೆ ಯಾರೇ ಮುಟ್ಟಿದರೂ ಅವರಿಗಾಗದು. ಎಣ್ಣೆ ಹಾಕಿ ಒರೆಸಿ ಇಟ್ಟುಕೊಂಡ ಗಂಟೆ.

"ಯಾರದು? ಯಾರು ಮುಟ್ಟಿದ್ದು ನನ್ನ ಗಂಟೆ?"

ಸಹನಾ ಬೇಲಿ ದಾಟಿ ಓಡಿ ಬಂದು, "ತಪ್ಪಾಯ್ತು, ಮೇಸ್ತ್ರಿಗಳೇ, ನಾಟಕಕ್ಕೆ ಅಂತ ನಾನೇ..." ಎಂದು ಶುರುಮಾಡಿದಳು.

"ನಾನು."

ಸ್ವರ ಸಣ್ಣದಾಗಿತ್ತು, ಸ್ವಲ್ಪ ಒಡಕು. ಬಳಸದೆ ಇಟ್ಟ ಬಾಗಿಲು ತೆರೆದ ಹಾಗೆ. ಹಲಸಿನ ಮರದ ಬುಡದಲ್ಲಿ ಬೋಲ್ಟನ್ನು ಎದೆಗೆ ಒತ್ತಿಕೊಂಡು ರಕ್ಷಿತಾ ನಿಂತಿದ್ದಳು. ಎರಡೂ ಜಡೆ ನಡುಗುತ್ತಿದ್ದವು.

"ನಾನು ಹೊಡ್ದೆ. ಅಜ್ಜಿ ಬರ್ಲಿ ಅಂತ."

ಆನೆ ಮಾಡಿದ ಹುಡುಗ ಸೊಂಡಿಲು ಕೈಯಲ್ಲಿ ಹಿಡಿದುಕೊಂಡು ಬಾಯಿ ತೆರೆದು ನಿಂತಿದ್ದ. ಏಳು ವರ್ಷ ಪಕ್ಕದಲ್ಲಿ ಕೂತವಳು ಹೊರಗಿನವರೆದುರು ಮಾತಾಡಿದ್ದನ್ನು ಅವನು ಕೇಳಿದ್ದು ಆಗಲೇ. ಗುಂಪಿನ ಹಿಂದಿನಿಂದ ಗಿರಿಜಮ್ಮ ದಾರಿ ಮಾಡಿಕೊಂಡು ಬಂದಳು. ಚೀಲ ಇನ್ನೂ ತಲೆಯ ಮೇಲೇ ಇತ್ತು, ಇಳಿಸುವುದು ಮರೆತಿತ್ತು.

"ಇನ್ನೊಂದ್ಸಲ ಹೇಳು ಮಗಾ" ಎಂದಳು.

ರಕ್ಷಿತಾ ಅಜ್ಜಿಯನ್ನು ನೋಡಿದಳು. ಸುತ್ತ ನಿಂತ ಅಷ್ಟೂ ಜನರನ್ನು ನೋಡಿದಳು. "ಕೇಳಿಸ್ತಲ್ಲ" ಎಂದಳು.

ಕಣ ಪೂರ್ತಿ ನಕ್ಕಿತು. ಅಂಥ ನಗು ನಾನು ಮತ್ತೆ ಕೇಳಿಲ್ಲ. ಗಿರಿಜಮ್ಮ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸೆರಗು ಹಿಡಿದು ಕಣ್ಣೊರೆಸಿಕೊಂಡು, "ಬಾಯಿ ಜೋರುಂಟು ಕಣೆ ನಿಂಗೆ. ಹಾಸ್ಟೆಲಲ್ಲಿ ಬದುಕ್ತೀಯ ನೀನು" ಎಂದಳು.

ಮಂಜಪ್ಪ ಮೇಸ್ತ್ರಿಯ ಸಿಟ್ಟಿಗೆ ಈಗ ಎಲ್ಲಿ ನಿಲ್ಲಬೇಕೆಂದು ತಿಳಿಯದಾಯಿತು. ಗಂಟಲು ಸರಿಮಾಡಿಕೊಂಡು, "ಸರಿ, ಇಳಿದದ್ದು ಇಳಿದಾಯ್ತು. ಅದೆಂತ ನಾಟಕವೋ ನೋಡಿ ಬೇಗ ಹತ್ತಿ" ಎಂದರು. ಮಕ್ಕಳು ಮೊದಲಿನಿಂದ ಆಡಿದರು. ಪ್ರಜ್ವಲ್ ಸೊಂಟಕ್ಕೆ ಕೈಯಿಟ್ಟು ಅಬ್ಬರಿಸಿದಾಗ ಮೇಸ್ತ್ರಿ ಪಕ್ಕದಲ್ಲಿದ್ದವರನ್ನು, "ನಾನು ಹಿಂಗೆ ಕೂಗ್ತೇನಾ?" ಎಂದು ಕೇಳಿದರು.

"ಇದಕ್ಕಿಂತ ಜಾಸ್ತಿ ಮೇಸ್ತ್ರೀ" ಎಂದು ಹಿಂದಿನಿಂದ ಉತ್ತರ ಬಂತು.

ವಾಪಸು ಬರುವಾಗ ಸಹನಾ ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ, ರಸ್ತೆ ನೋಡುವುದಿತ್ತು. ಆ ತಿರುವುಗಳಲ್ಲೊಂದರಲ್ಲಿ ನನಗೆ ಥಟ್ಟನೆ ಹೊಳೆದು ಬ್ರೇಕು ಒತ್ತಿಬಿಟ್ಟೆ.

"ಎಂತಾಯ್ತು ಅಣ್ಣ?"

"ಅವ್ಳು ಹೊಡೆದದ್ದು ತೂಕದ ಗಂಟೆ" ಎಂದೆ.

"ಹೌದು. ನಾಟಕದಲ್ಲಿ ಅದೇ ಇತ್ತಲ್ಲ."

"ಇತ್ತು. ಆದ್ರೆ ಯೋಚನೆ ಮಾಡಿ. ಹೆದರಿದ ಮಗು ಅಷ್ಟು ದೊಡ್ಡ ಕಂಬಿ ಮುಂದೆ ನಿಂತ್ರೆ ಹೆಂಗಾದ್ರೂ ನಾಲ್ಕು ಬಡಿದು ಓಡಿ ಬರ್ತದೆ. ಹೊತ್ತು ಇನ್ನೂ ಹತ್ತು ದಾಟಿರ್ಲಿಲ್ಲ. ಜೋಡಿ ಏಟು ಬಿದ್ದಿದ್ರೆ ಅಲ್ಲೇ ಬುತ್ತಿ ಬಿಚ್ತಿದ್ರು. ನಿಧಾನ ಹೊಡೆದಿದ್ರೆ ಯಾರೋ ಮಕ್ಕಳು ಅಂತ ಸುಮ್ನಿರ್ತಿದ್ರು. ಅಜ್ಜಿ ಇಳಿದು ಬರೂದು ಒಂದೇ ಒಂದು ಗಂಟೆಗೆ. ಅಷ್ಟು ಹೆದರಿಕೇಲೂ ಒಂದು ಏಟು ಆಚೀಚೆ ಆಗದ ಹಾಗೆ ಅದನ್ನೇ ಹೊಡೆದ್ಳು."

ಜೀಪು ರಸ್ತೆಯ ಮಧ್ಯೆ ನಿಂತಿತ್ತು. ಎದುರಿನಿಂದ ಬಂದ ಬಸ್ಸಿನವನು ತಲೆ ಹೊರಹಾಕಿ, "ಏನ್ ಮಾರಾಯ, ಇಲ್ಲೇ ಮನೆ ಕಟ್ತೀಯಾ?" ಎಂದ. ಆ ಮಗು ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿತ್ತು. ಅಜ್ಜಿಯ ಭಯ, ಅಜ್ಜಿಯ ಮಾತು, ಗಂಟೆಗೆ ಮಾತ್ರ ಇಳಿಯುತ್ತೇವೆ ಎಂಬುದು. ಕೇಳಿಸಿಕೊಂಡು, ತನ್ನೊಳಗೇ ಎಷ್ಟು ದಿನ ತೂಗಿ ನೋಡಿತೋ. ಆ ಗುಡ್ಡದ ಜನರನ್ನು ಇಳಿಸುವುದು ಧಣಿಗೂ ಸುಲಭವಲ್ಲ. ನಾನು ಧಣಿಯ ಪಾತ್ರದಲ್ಲಿದ್ದವನು, ನನಗೆ ಗೊತ್ತು. ಮಾತಾಡಬೇಕಾದದ್ದು ಒಂದೇ ಪದ. ಅದಕ್ಕಾಗಿ ಆಕೆ ಮೊದಲು ಇಡೀ ಗುಡ್ಡವನ್ನೇ ಎದುರಿಗೆ ಕರೆಸಿಕೊಂಡಳು.

ಜೀಪು ಮತ್ತೆ ಹೊರಟ ಮೇಲೆ ಸಹನಾ ಹೇಳಿದಳು, "ನಾನು ಕಲಿಸಿದ್ದಲ್ಲ ಅದು."

"ಅಲ್ಲ" ಎಂದೆ. "ನೀವು ಜೊತೇಲಿದ್ರಿ."

ಎದುರಿಗೆ ಯಾರೂ ಇಲ್ಲದಿದ್ದರೂ ಹಾರನ್ ಹೊಡೆದೆ, ಎರಡು ಸಲ.

ಗಿರಿಜಮ್ಮ ಮಾತಿಗೆ ತಪ್ಪಲಿಲ್ಲ. ಹಾಸ್ಟೆಲಿಗೆ ರಕ್ಷಿತಾಳ ಪೆಟ್ಟಿಗೆ ಹೋದದ್ದು ನನ್ನ ಜೀಪಿನ ತಲೆಯ ಮೇಲೆ. ಅಲ್ಲಿ ಆಕೆ ಭಾಷಣ ಬಿಗಿಯುವಷ್ಟು ಬದಲಾಗಿಲ್ಲ, ಬೇಕಾದಷ್ಟು ಮಾತಾಡುತ್ತಾಳೆ. ಹಸಿವು, ಜ್ವರ, ಬೇಡ, ಬಿಡು. ಸಾಕಲ್ಲ. ಸಹನಾ ಓದು ಮುಗಿಸಿ ಈಗ ಬಲು ದೂರ, ಧಾರವಾಡದ ಕಡೆ, ಇನ್ನೂ ಏನೋ ಹೆಚ್ಚಿನದು ಓದುತ್ತಿದ್ದಾಳೆ. ಹಬ್ಬಕ್ಕೆ ಫೋನು ಮಾಡುತ್ತಾಳೆ.

ಎಸ್ಟೇಟಿಗೆ ಈಗ ಕರೆಂಟಿನ ಸೈರನ್ ಬಂದಿದೆ. ಮೂರು ಹೊತ್ತಿಗೂ ಒಂದೇ ಕೂಗು. ಹಲಸಿನ ಮರದ ಬುಡದಲ್ಲಿ ಕಂಬಿ ಬಿದ್ದಿದೆ ಎಂದು ಗೊತ್ತಾದ ದಿನವೇ ಮಂಜಪ್ಪ ಮೇಸ್ತ್ರಿಯನ್ನು ಕೇಳಿ ಜೀಪಿಗೆ ಹಾಕಿಕೊಂಡು ಬಂದೆ. ಅವರು ಕೊನೆಯ ಸಲ ಎಣ್ಣೆ ಹಚ್ಚಿ ಒರೆಸಿ, ಬೋಲ್ಟನ್ನು ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

ಕಳೆದ ದಸರೆಯ ರಜೆಯಲ್ಲಿ ರಕ್ಷಿತಾ ಅಜ್ಜಿಯ ಜೊತೆ ನಮ್ಮ ಮನೆಗೆ ಬಂದಿದ್ದಳು. ಎಲ್ಲರ ಹಾಗೆ ಚಪ್ಪಲಿ ಬಿಡುವ ಮೊದಲೇ ಕಂಬಿಯ ಹತ್ತಿರ ಹೋದಳು. ಕೇಳಿದ ಪ್ರಶ್ನೆ ಮಾತ್ರ ಬೇರೆ.

"ಹೊಡೀಲಾ ಮಾವ?"

"ಯಾರು ಬರ್ಲಿ ಅಂತ ಹೊಡೀತೀಯ?"

ಆಕೆ ಯೋಚಿಸಲೇ ಇಲ್ಲ. "ಸಹನಕ್ಕ."

ಕವಲಿನಿಂದ ಬೋಲ್ಟು ತೆಗೆದಳು. ಈಗ ತುದಿಗಾಲಲ್ಲಿ ನಿಲ್ಲಬೇಕಾಗಿಲ್ಲ. ಎರಡು ಏಟು, ಗಂಭೀರ. ಆಮೇಲೆ ಪಟಪಟಪಟ. ಒಳಗೆ ಕಾಫಿ ಸೋಸುತ್ತಿದ್ದ ಜಯಂತಿ ಸೆರಗು ಬಿಗಿದು ಹೊರಗೆ ಬಂದಳು. ಗಿರಿಜಮ್ಮ ಕೂತಲ್ಲಿಂದ ಎದ್ದಳು. ಧಾರವಾಡ ಎಷ್ಟು ದೂರ ಎಂದು ನನಗೆ ಚೆನ್ನಾಗಿ ಗೊತ್ತು, ನಾನು ರಸ್ತೆಯ ಮೇಲೆ ಬದುಕಿದವನು. ಆದರೂ ಸ್ವರ ನೇರಳೆ ಮರ ದಾಟಿ, ಗದ್ದೆ ದಾಟಿ, ಆಚೆಯ ಗುಡ್ಡಕ್ಕೆ ತಾಗಿ ಕರಗುವವರೆಗೆ ನಾವು ನಾಲ್ವರೂ ಕಳಸದಿಂದ ಬರುವ ದಾರಿಯನ್ನೇ ನೋಡುತ್ತ ನಿಂತಿದ್ದೆವು.